ಒಳಗಿನ ಸಮಿತಿ, ಹೊರಗಿನ ಸದಸ್ಯೆ

ಸಂಘ-ಸಂಸ್ಥೆಗಳ ಸ್ಮರಣ ಸಂಚಿಕೆಗೆ ರೂಢಿಯ ಚೌಕಟ್ಟೊಂದಿದೆ. ಮೊದಲಿಗೆ ಶುಭಾಶಯ ಪತ್ರಗಳು, ಆಮೇಲೆ ಸ್ಥಾಪಕರ ಭಾವಚಿತ್ರ, ಶಂಕುಸ್ಥಾಪನೆಯ ಫೋಟೊ, ಅಧ್ಯಕ್ಷ-ಕಾರ್ಯದರ್ಶಿಗಳ ಪಟ್ಟಿ, ದಾನಿಗಳ ಹೆಸರು. ಗ್ರಂಥಾಲಯದ ಬಗ್ಗೆ, ಕ್ರೀಡಾಂಗಣದ ಬಗ್ಗೆ, ನೌಕರರ ಸಹಕಾರ ಸಂಘದ ಬಗ್ಗೆ ಒಂದೊಂದು ಲೇಖನ ಇದ್ದೇ ಇರುತ್ತದೆ. ಲೈಂಗಿಕ ಕಿರುಕುಳದ ದೂರು ವಿಚಾರಿಸುವ ಸಮಿತಿಗೆ ಮಾತ್ರ ಅಲ್ಲಿ ಜಾಗ ಸಿಗುವುದಿಲ್ಲ. ಮುಜುಗರ ಅದಕ್ಕೆ ಒಂದು ಕಾರಣ. ಇನ್ನೊಂದು ಕಾರಣ ಕಾನೂನಿನದೇ. ದೂರುದಾರೆ, ಆರೋಪಿ, ಸಾಕ್ಷಿಗಳ ಗುರುತಾಗಲಿ, ವಿಚಾರಣೆಯ ವಿವರವಾಗಲಿ ಹೊರಬೀಳಬಾರದೆಂದು, ಕೆಲಸದ ಜಾಗದ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯ 16ನೇ ಸೆಕ್ಷನ್ ಹೇಳುತ್ತದೆ. ಗುರುತು ಬಿಟ್ಟುಕೊಡದೆ, ದೊರೆತ ನ್ಯಾಯದ ಮಾಹಿತಿಯನ್ನು ಹಂಚಬಹುದೆಂದು ಅದೇ ಸೆಕ್ಷನ್ ಅವಕಾಶವನ್ನೂ ಕೊಟ್ಟಿದೆ. ಆ ಅವಕಾಶವನ್ನು ಬಳಸಿಕೊಳ್ಳುವ ಉತ್ಸಾಹ ಯಾವ ಆಡಳಿತ ಮಂಡಳಿಗೂ ಇದ್ದಂತಿಲ್ಲ.

ಹೀಗಾಗಿ ಈ ಸಂಸ್ಥೆಯ ಚರಿತ್ರೆಯನ್ನು ಅದರ ಕಡತಗಳಿಂದ ಬರೆಯಲಾಗದು. ಅದು ಹೇಗೆ ಹುಟ್ಟಿತು, ಅದರಲ್ಲಿ ಯಾರು ಕೂತರು, ಅವರನ್ನು ಕೂರಿಸುವ ಅಧಿಕಾರ ಯಾರ ಕೈಯಲ್ಲಿ ಉಳಿಯಿತು ಎಂಬುದರಿಂದಲೇ ಬರೆಯಬೇಕು. ದೂರು ಸಮಿತಿ ಮಾಲೀಕರು ದಯಪಾಲಿಸಿದ ಸೌಲಭ್ಯವಲ್ಲ. ಠಾಣೆ, ನ್ಯಾಯಾಲಯ, ಹೊಲ, ಕಚೇರಿ ಎಲ್ಲೆಡೆ ಹೆಣ್ಣಿನ ಮಾತನ್ನು ಅಳೆಯುವ ತಕ್ಕಡಿ ಅಧಿಕಾರವುಳ್ಳವರ ಕೈಯಲ್ಲೇ ಇತ್ತೆಂದು ಎರಡು ದಶಕ ಕೂಗಿ ಹೇಳಿದ ಚಳವಳಿಯ ಫಲ ಅದು.

ಠಾಣೆಯೊಳಗಿನ ಸಮ್ಮತಿ

1972ರ ಮಾರ್ಚ್ 26ರ ರಾತ್ರಿ. ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ದೇಸಾಯಿಗಂಜ್ ಪೊಲೀಸ್ ಠಾಣೆ. ಕೂಲಿ ಮಾಡುವ ಆದಿವಾಸಿ ಹುಡುಗಿ ಮಥುರಾಳನ್ನು, ಅವಳ ಅಣ್ಣ ಕೊಟ್ಟ ದೂರಿನ ಮೇರೆಗೆ ಅಲ್ಲಿಗೆ ಕರೆಸಿದ್ದರು. ಹೇಳಿಕೆ ಪಡೆದು ಎಲ್ಲರನ್ನೂ ಹೊರಗೆ ಕಳಿಸಿದ ಮೇಲೆ ಇಬ್ಬರು ಪೊಲೀಸರು ಅವಳನ್ನು ಒಳಗೇ ಉಳಿಸಿಕೊಂಡರು. ಬೇಲಿಯೇ ಎದ್ದು ಹೊಲ ಮೇಯ್ದ ಪ್ರಕರಣ. ಸೆಷನ್ಸ್ ನ್ಯಾಯಾಲಯ ಆರೋಪಿಗಳನ್ನು ಬಿಡುಗಡೆ ಮಾಡಿತು, ಬಾಂಬೆ ಹೈಕೋರ್ಟಿನ ನಾಗಪುರ ಪೀಠ ಶಿಕ್ಷೆ ವಿಧಿಸಿತು, 1978ರಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಬಿಡುಗಡೆ ಮಾಡಿತು. ಮೈಮೇಲೆ ಗಾಯದ ಗುರುತಿಲ್ಲ, ಕೂಗಿಕೊಂಡಿದ್ದಕ್ಕೆ ಪುರಾವೆ ಇಲ್ಲ ಎಂಬುದು ಸರ್ವೋಚ್ಚ ನ್ಯಾಯಾಲಯದ ತರ್ಕ.

1979ರ ಸೆಪ್ಟೆಂಬರಿನಲ್ಲಿ ಉಪೇಂದ್ರ ಬಕ್ಷಿ, ಲೋತಿಕಾ ಸರ್ಕಾರ್, ರಘುನಾಥ ಕೇಳ್ಕರ್, ವಸುಧಾ ಧಾಗಂವಾರ್ ಎಂಬ ನಾಲ್ವರು ಕಾನೂನು ಅಧ್ಯಾಪಕರು ಭಾರತದ ಮುಖ್ಯ ನ್ಯಾಯಮೂರ್ತಿಗೆ ಬಹಿರಂಗ ಪತ್ರ ಬರೆದರು. ರಾತ್ರಿ ಹೊತ್ತು ಠಾಣೆಯಲ್ಲಿ ಪೊಲೀಸರೆದುರು ನಿಂತ ಬಡ ಹುಡುಗಿ ಸುಮ್ಮನಿದ್ದಳೆಂದರೆ ಅದು ಒಪ್ಪಿಗೆಯೋ, ಭಯವೋ? ನ್ಯಾಯಾಲಯಗಳು ದೇಹದ ಮೇಲೆ ಗಾಯ ಹುಡುಕುತ್ತಿದ್ದವು. ಪತ್ರ ಆ ಕೋಣೆಯಲ್ಲಿ ಯಾರಿಗೆ ಎಷ್ಟು ಅಧಿಕಾರವಿತ್ತು ಎಂದು ನೋಡಿತು. ಪತ್ರ ಪತ್ರಿಕೆಗಳಲ್ಲಿ ಹರಡಿತು. 1980ರ ಆರಂಭದಲ್ಲಿ ಮುಂಬಯಿಯಲ್ಲಿ ಅತ್ಯಾಚಾರ ವಿರೋಧಿ ವೇದಿಕೆ ಹುಟ್ಟಿತು, ಅದೇ ವರ್ಷದ ಮಾರ್ಚ್ 8ರಂದು ಹಲವು ನಗರಗಳಲ್ಲಿ ಮಹಿಳೆಯರು ಬೀದಿಗಿಳಿದರು. ಬೆಂಗಳೂರಿನಲ್ಲಿ ವಿಮೋಚನಾ ಸಂಘಟನೆ ರೂಪುಗೊಂಡಿದ್ದೂ 1979ರಲ್ಲೇ.

ಆ ಹೊತ್ತಿನ ಇನ್ನೊಂದು ಪ್ರಕರಣಕ್ಕೆ ಕರ್ನಾಟಕದ ನೇರ ನಂಟಿದೆ. 1978ರಲ್ಲಿ ಹೈದರಾಬಾದಿನ ನಲ್ಲಕುಂಟ ಠಾಣೆಯಲ್ಲಿ ರಮೀಜಾ ಬೀ ಮೇಲೆ ಅತ್ಯಾಚಾರ ನಡೆಯಿತು. ಪೊಲೀಸರ ಹೊಡೆತಕ್ಕೆ ಅವಳ ಗಂಡ ಸತ್ತ. ನಗರ ಹೊತ್ತಿ ಉರಿಯಿತು. ನ್ಯಾಯಮೂರ್ತಿ ಮುಕ್ತದರ್ ಆಯೋಗ ಪೊಲೀಸರನ್ನು ತಪ್ಪಿತಸ್ಥರೆಂದಿತು. ಮೊಕದ್ದಮೆ ಮಾತ್ರ ರಾಯಚೂರಿನ ನ್ಯಾಯಾಲಯಕ್ಕೆ ವರ್ಗವಾಗಿ, 1981ರಲ್ಲಿ ಅಲ್ಲಿ ಎಲ್ಲರ ಬಿಡುಗಡೆಯಾಯಿತು. ವಿಚಾರಣೆಯುದ್ದಕ್ಕೂ ಕಟಕಟೆಯಲ್ಲಿ ನಿಂತದ್ದು ಆಕೆಯ ನಡತೆ.

ಈ ಹೋರಾಟದ ಬಲದಿಂದ 1983ರಲ್ಲಿ ದಂಡ ಸಂಹಿತೆ ತಿದ್ದುಪಡಿಯಾಯಿತು. ಪೊಲೀಸರು, ಜೈಲು ಅಧಿಕಾರಿಗಳು, ಆಸ್ಪತ್ರೆ ಸಿಬ್ಬಂದಿ ತಮ್ಮ ಸುಪರ್ದಿನಲ್ಲಿರುವ ಹೆಣ್ಣಿನ ಮೇಲೆ ಎಸಗುವ ಅತ್ಯಾಚಾರ ಪ್ರತ್ಯೇಕ, ಹೆಚ್ಚಿನ ಶಿಕ್ಷೆಯ ಅಪರಾಧವಾಯಿತು. ಅಂಥ ಪ್ರಕರಣಗಳಲ್ಲಿ ತನ್ನ ಸಮ್ಮತಿ ಇರಲಿಲ್ಲವೆಂದು ಹೆಣ್ಣು ಹೇಳಿದರೆ ನ್ಯಾಯಾಲಯ ಅದನ್ನೇ ನಂಬಿ ಮುಂದುವರಿಯಬೇಕೆಂದು ಸಾಕ್ಷ್ಯ ಅಧಿನಿಯಮಕ್ಕೆ 114ಎ ಸೆಕ್ಷನ್ ಸೇರಿತು. ಅಧಿಕಾರ ಎಂಬುದು ಲೈಂಗಿಕ ಅಪರಾಧದ ಭಾಗವೇ ಎಂದು ನಮ್ಮ ಕಾನೂನು ಬರವಣಿಗೆಯಲ್ಲಿ ಒಪ್ಪಿಕೊಂಡದ್ದು ಆಗ. ಆದರೆ ಕಚೇರಿ, ಕಾರ್ಖಾನೆ, ಕಾಲೇಜುಗಳ ಮೇಲಧಿಕಾರಿ ಈ ಲೆಕ್ಕದಿಂದ ಹೊರಗೇ ಉಳಿದ. 1988ರಲ್ಲಿ ಚಂಡೀಗಢದ ಔತಣಕೂಟವೊಂದರಲ್ಲಿ ಪಂಜಾಬಿನ ಪೊಲೀಸ್ ಮಹಾನಿರ್ದೇಶಕರಿಂದ ಅವಮಾನಕ್ಕೊಳಗಾದ ಐಎಎಸ್ ಅಧಿಕಾರಿ ರೂಪನ್ ದೇವಲ್ ಬಜಾಜ್ ಅವರ ಪ್ರಕರಣ ಕೊನೆ ಮುಟ್ಟಿದ್ದು 2005ರಲ್ಲಿ. ಹದಿನೇಳು ವರ್ಷ ಕಾಯಬೇಕಾದವರು ಒಬ್ಬ ಐಎಎಸ್ ಅಧಿಕಾರಿ ಎಂಬುದನ್ನು ನೆನಪಿಡಬೇಕು.

ಭಟೇರಿಯ ಸಾಥಿನ್

ಸಮಿತಿಯ ಹುಟ್ಟಿಗೆ ಕಾರಣವಾದ ಘಟನೆ ನಡೆದದ್ದು ರಾಜಸ್ಥಾನದ ಭಟೇರಿ ಎಂಬ ಹಳ್ಳಿಯಲ್ಲಿ. ಕುಂಬಾರ ಸಮುದಾಯದ ಭಂವರಿ ದೇವಿ ಸರ್ಕಾರದ ಮಹಿಳಾ ಅಭಿವೃದ್ಧಿ ಕಾರ್ಯಕ್ರಮದಲ್ಲಿ ಸಾಥಿನ್ ಆಗಿದ್ದರು. ಮನೆಮನೆಗೆ ಹೋಗುವುದು, ಆರೋಗ್ಯ-ಶಿಕ್ಷಣದ ತಿಳಿವಳಿಕೆ ಹೇಳುವುದು, ಬಾಲ್ಯವಿವಾಹ ತಡೆಯುವುದು ಅವರ ಕೆಲಸ. ಸಂಬಳದ ಬದಲು ಗೌರವಧನ. 1992ರ ಅಕ್ಷಯ ತದಿಗೆಯ ಹೊತ್ತಿಗೆ ಬಾಲ್ಯವಿವಾಹದ ವಿರುದ್ಧ ಸರ್ಕಾರವೇ ಅಭಿಯಾನ ಹೂಡಿತ್ತು. ಗುಜ್ಜರ್ ಕುಟುಂಬವೊಂದರಲ್ಲಿ ವರ್ಷವೂ ತುಂಬದ ಹೆಣ್ಣುಮಗುವಿಗೆ ನಡೆಯಲಿದ್ದ ಮದುವೆಯನ್ನು ನಿಲ್ಲಿಸಲು ಭಂವರಿ ಯತ್ನಿಸಿದರು. ಪೊಲೀಸರು ಬಂದು ಹೋದರು, ಮದುವೆಯೂ ನಡೆದುಹೋಯಿತು. ಉಳಿದದ್ದು ಭಂವರಿಯ ಮೇಲಿನ ಹಗೆ. ಊರು ಬಹಿಷ್ಕಾರ ಹಾಕಿತು. ಸೆಪ್ಟೆಂಬರ್ 22ರಂದು ಹೊಲದಲ್ಲಿ ದುಡಿಯುತ್ತಿದ್ದಾಗ ಗಂಡನನ್ನು ಬಡಿದು ಹಾಕಿ ಆಕೆಯ ಮೇಲೆ ಸಾಮೂಹಿಕ ಅತ್ಯಾಚಾರ ನಡೆಸಿದರು.

ವೈದ್ಯಕೀಯ ಪರೀಕ್ಷೆಗೇ ಎರಡು ದಿನ ಹಿಡಿಯಿತು. ಠಾಣೆಯಲ್ಲಿ ಸಾಕ್ಷ್ಯಕ್ಕೆಂದು ಉಟ್ಟ ಲಂಗವನ್ನೇ ಬಿಚ್ಚಿ ಕೊಡಲು ಹೇಳಿದರು. ಭಂವರಿ ಗಂಡನ ರುಮಾಲನ್ನು ಸುತ್ತಿಕೊಂಡು ಕತ್ತಲಲ್ಲಿ ನಡೆದುಹೋದರು. 1995ರ ನವೆಂಬರಿನಲ್ಲಿ ಜೈಪುರದ ನ್ಯಾಯಾಲಯ ಅತ್ಯಾಚಾರದ ಆರೋಪದಿಂದ ಎಲ್ಲರನ್ನೂ ಬಿಡುಗಡೆ ಮಾಡಿತು. ಮೇಲುಜಾತಿಯ ಗಂಡಸರು ಕೆಳಜಾತಿಯ ಹೆಣ್ಣನ್ನು ಮುಟ್ಟಿ ಮೈಲಿಗೆಯಾಗಲಾರರು ಎಂಬುದು ಅದು ಕೊಟ್ಟ ಕಾರಣಗಳಲ್ಲೊಂದು. ಲಿಂಗ ಮತ್ತು ಜಾತಿ ಎರಡೂ ಅಧಿಕಾರಗಳು ಒಂದೇ ವಾಕ್ಯದಲ್ಲಿ ಕೂಡಿಕೊಂಡ ಉದಾಹರಣೆ ಇದಕ್ಕಿಂತ ಸ್ಪಷ್ಟವಾಗಿ ಸಿಗದು.

ಮಹಿಳಾ ಸಂಘಟನೆಗಳು ಇಲ್ಲೊಂದು ಹೊಸ ಪ್ರಶ್ನೆ ಎತ್ತಿದವು. ಭಂವರಿಯ ಮೇಲೆ ದಾಳಿಯಾದದ್ದು ಆಕೆ ಮಾಡಿದ ಸರ್ಕಾರಿ ಕೆಲಸಕ್ಕಾಗಿ. ಹಾಗಿದ್ದರೆ ಕೆಲಸಕ್ಕೆ ಹಚ್ಚಿದವರ ಹೊಣೆ ಎಲ್ಲಿ? ರಾಜಸ್ಥಾನದ ವಿಶಾಖಾ, ದೆಹಲಿಯ ಜಾಗೋರಿ, ಕಾಳಿ ಫಾರ್ ವಿಮೆನ್ ಮೊದಲಾದ ಸಂಸ್ಥೆಗಳು ಒಟ್ಟಾಗಿ ಸುಪ್ರೀಂ ಕೋರ್ಟಿಗೆ ಹೋದವು. ನೈನಾ ಕಪೂರ್, ಮೀನಾಕ್ಷಿ ಅರೋರಾ ವಾದಿಸಿದರು, ಫಾಲಿ ನಾರಿಮನ್ ನ್ಯಾಯಾಲಯಕ್ಕೆ ನೆರವಾದರು. 1997ರ ಆಗಸ್ಟ್ 13ರಂದು ಮುಖ್ಯ ನ್ಯಾಯಮೂರ್ತಿ ಜೆ.ಎಸ್. ವರ್ಮಾ, ಸುಜಾತಾ ಮನೋಹರ್, ಬಿ.ಎನ್. ಕಿರ್ಪಾಲ್ ಅವರ ಪೀಠ ತೀರ್ಪಿತ್ತಿತು. ಕೆಲಸದ ಜಾಗದ ಲೈಂಗಿಕ ಕಿರುಕುಳ ಸಮಾನತೆ, ಬದುಕು ಮತ್ತು ಉದ್ಯೋಗದ ಮೂಲಭೂತ ಹಕ್ಕುಗಳ ಉಲ್ಲಂಘನೆ. ಸಂಸತ್ತು ಕಾನೂನು ಮಾಡುವ ತನಕ ತಾನು ಹಾಕಿಕೊಟ್ಟ ಮಾರ್ಗಸೂಚಿಯೇ ಕಾನೂನು ಎಂದಿತು. ಭಂವರಿ ದೇವಿಯ ಹೆಸರು ಆ ತೀರ್ಪಿನಲ್ಲಿಲ್ಲ. ರಾಜಸ್ಥಾನದ ಹಳ್ಳಿಯೊಂದರ ಸಮಾಜಸೇವಕಿ ಎಂಬ ಉಲ್ಲೇಖವಷ್ಟೇ ಇದೆ.

ಮಾರ್ಗಸೂಚಿಯ ನಡುವೆಯೇ ಇದ್ದದ್ದು ದೂರು ಸಮಿತಿ. ಅಧ್ಯಕ್ಷೆ ಮಹಿಳೆ, ಸದಸ್ಯರಲ್ಲಿ ಕನಿಷ್ಠ ಅರ್ಧ ಮಹಿಳೆಯರು, ಜೊತೆಗೆ ಸ್ವಯಂಸೇವಾ ಸಂಸ್ಥೆಯೊಂದರಿಂದ ಅಥವಾ ವಿಷಯ ಬಲ್ಲ ಬೇರೆಡೆಯಿಂದ ಬಂದ ಹೊರಗಿನವರು. ಈ ಹೊರಗಿನವರು ಏಕೆ ಬೇಕೆಂಬುದಕ್ಕೆ ತೀರ್ಪೇ ಕಾರಣ ಕೊಟ್ಟಿದೆ: ಮೇಲಿನ ಹಂತದವರ ಅನುಚಿತ ಒತ್ತಡ, ಪ್ರಭಾವಗಳು ಕೆಲಸ ಮಾಡದಿರಲಿ ಎಂದು. ಚಳವಳಿ ಎರಡು ದಶಕ ಹೇಳಿದ್ದೆಲ್ಲ ಆ ಒಂದು ಕುರ್ಚಿಯಲ್ಲಿ ಬಂದು ಕೂತಿತ್ತು.

ಕಾಗದದಿಂದ ಕಾಯ್ದೆಗೆ

ಮಾರ್ಗಸೂಚಿ ಬಂದರೂ ಸಮಿತಿಗಳು ತಾವಾಗಿ ಹುಟ್ಟಲಿಲ್ಲ. ಹುಟ್ಟಿದ ಕಡೆಯೂ ಹೆಣ್ಣುಮಕ್ಕಳು ಸಮಿತಿಯ ಮುಂದೊಮ್ಮೆ, ಇಲಾಖಾ ವಿಚಾರಣೆಯಲ್ಲಿ ಇನ್ನೊಮ್ಮೆ ಅದೇ ಕಥೆ ಹೇಳಬೇಕಿತ್ತು. ಪುಣೆಯ ಮೇಧಾ ಕೋತ್ವಾಲ್ ಲೇಲೆ ಅವರ ಅರ್ಜಿಯ ಮೇಲೆ 2004ರಲ್ಲಿ ಸುಪ್ರೀಂ ಕೋರ್ಟ್, ಸಮಿತಿಯ ವರದಿಯನ್ನೇ ಇಲಾಖಾ ವಿಚಾರಣೆಯ ವರದಿಯೆಂದು ಪರಿಗಣಿಸಬೇಕೆಂದಿತು. ಅದೇ ಪ್ರಕರಣದ ಅಂತಿಮ ತೀರ್ಪು ಬಂದದ್ದು 2012ರ ಅಕ್ಟೋಬರಿನಲ್ಲಿ. ಹದಿನೈದು ವರ್ಷ ಕಳೆದರೂ ಹಲವು ರಾಜ್ಯಗಳು ಸೇವಾ ನಿಯಮಗಳನ್ನು ತಿದ್ದಿಲ್ಲವೆಂದು ನ್ಯಾಯಾಲಯ ಅಸಮಾಧಾನ ತೋರಿತು.

ಎರಡು ತಿಂಗಳೊಳಗೆ, ಡಿಸೆಂಬರ್ 16ರಂದು, ದೆಹಲಿಯ ಬಸ್ಸಿನಲ್ಲಿ ನಡೆದ ಅತ್ಯಾಚಾರ ದೇಶವನ್ನು ಬೀದಿಗೆ ತಂದಿತು. ಸರ್ಕಾರ ರಚಿಸಿದ ಮೂವರ ಸಮಿತಿಗೆ ಅಧ್ಯಕ್ಷರಾದವರು ಅದೇ ಜೆ.ಎಸ್. ವರ್ಮಾ, ಜೊತೆಗೆ ಲೀಲಾ ಸೇಠ್ ಮತ್ತು ಗೋಪಾಲ್ ಸುಬ್ರಮಣಿಯಂ. 29 ದಿನಗಳಲ್ಲಿ, 2013ರ ಜನವರಿ 23ರಂದು ವರದಿ ಸಿದ್ಧವಾಯಿತು. ಕೆಲಸದ ಜಾಗದ ಕಿರುಕುಳದ ಮಸೂದೆ ಆಗ ಲೋಕಸಭೆಯ ಒಪ್ಪಿಗೆ ಪಡೆದು ರಾಜ್ಯಸಭೆಯ ದಾರಿ ಕಾಯುತ್ತಿತ್ತು. ವರ್ಮಾ ಸಮಿತಿ ಅದನ್ನೂ ಓದಿ, ಸಂಸ್ಥೆಯೊಳಗಿನ ಸಮಿತಿಗಳನ್ನು ನೆಚ್ಚಿಕೊಳ್ಳಬೇಡಿ, ಪ್ರತ್ಯೇಕ ಉದ್ಯೋಗ ನ್ಯಾಯಮಂಡಳಿ ಸ್ಥಾಪಿಸಿ ಎಂದು ಶಿಫಾರಸು ಮಾಡಿತು. ದೂರು ಸುಳ್ಳೆಂದು ಕಂಡರೆ ದೂರುದಾರೆಗೇ ಶಿಕ್ಷೆ ಎಂಬ ಕಲಮನ್ನು ಕಟುವಾಗಿ ಟೀಕಿಸಿತು. ಒಳಗಿನ ಸಮಿತಿಯನ್ನು 1997ರಲ್ಲಿ ಹುಟ್ಟುಹಾಕಿದ ನ್ಯಾಯಮೂರ್ತಿಯೇ ಹದಿನಾರು ವರ್ಷಗಳ ಅನುಭವ ನೋಡಿ ಅದರ ಮೇಲೆ ಭರವಸೆ ಕಳೆದುಕೊಂಡಿದ್ದರು. ಸಂಸತ್ತು ಎರಡೂ ಮಾತಿಗೆ ಕಿವಿಗೊಡಲಿಲ್ಲ. ಫೆಬ್ರುವರಿಯಲ್ಲಿ ರಾಜ್ಯಸಭೆ ಮಸೂದೆಯನ್ನು ಒಪ್ಪಿತು, ಡಿಸೆಂಬರ್ 9ರಂದು ಕಾಯ್ದೆ ಜಾರಿಗೆ ಬಂತು.

ಕಾಯ್ದೆಯಿಂದ ಆದ ಲಾಭ ಸಣ್ಣದಲ್ಲ. ಹತ್ತು ಅಥವಾ ಹೆಚ್ಚು ಜನ ದುಡಿಯುವ ಪ್ರತಿ ಕಡೆ ಸಮಿತಿ ಕಡ್ಡಾಯ, ಇಲ್ಲದಿದ್ದರೆ 50,000 ರೂಪಾಯಿ ತನಕ ದಂಡ. ಸಾಕ್ಷಿಗಳನ್ನು ಕರೆಸಲು, ದಾಖಲೆ ತರಿಸಲು ಸಿವಿಲ್ ನ್ಯಾಯಾಲಯದ ಅಧಿಕಾರ. 90 ದಿನಗಳಲ್ಲಿ ವಿಚಾರಣೆ, ಶಿಫಾರಸಿನ ಮೇಲೆ 60 ದಿನಗಳಲ್ಲಿ ಕ್ರಮ. ತಾತ್ಕಾಲಿಕ ನೌಕರರು, ಗೌರವಧನದವರು, ಮನೆಗೆಲಸದವರು ಎಲ್ಲರೂ ಸೇರಿದರು. ಭಂವರಿಯಂಥ ಸಾಥಿನ್ ಇಂದು ಉದ್ಯೋಗಿ, ಆಕೆ ನಡೆದುಹೋಗುವ ಹಳ್ಳಿಯ ದಾರಿ ಕೆಲಸದ ಜಾಗ.

ಇನ್ನೂರು ರೂಪಾಯಿಯ ಸದಸ್ಯೆ

ಆದರೆ ನಿಯಮಗಳನ್ನು ಹತ್ತಿರದಿಂದ ಓದಿದರೆ ಆ ಹೊರಗಿನ ಕುರ್ಚಿಗೆ ಏನಾಯಿತೆಂದು ತಿಳಿಯುತ್ತದೆ. ಹೊರಗಿನ ಸದಸ್ಯೆಯನ್ನು ನಾಮನಿರ್ದೇಶನ ಮಾಡುವವರು ಮಾಲೀಕರು. ಅವಧಿ ಮೂರು ವರ್ಷ ಮೀರಬಾರದು ಎಂದಿದೆಯೇ ಹೊರತು ಕನಿಷ್ಠ ಎಷ್ಟೆಂದು ಇಲ್ಲ. 2013ರ ನಿಯಮಾವಳಿ ಗೊತ್ತುಮಾಡಿದ ಭತ್ಯೆ ದಿನಕ್ಕೆ 200 ರೂಪಾಯಿ, ಮೇಲೆ ಪ್ರಯಾಣದ ಖರ್ಚು. ಅದನ್ನು ಕೊಡುವವರೂ ಮಾಲೀಕರೇ. ವಿಚಾರಣೆಗೆ ಅಧ್ಯಕ್ಷೆ ಸೇರಿ ಕನಿಷ್ಠ ಮೂವರು ಇರಬೇಕು. ಆ ಮೂವರಲ್ಲಿ ಹೊರಗಿನ ಸದಸ್ಯೆ ಇರಲೇಬೇಕೆಂಬ ಮಾತಿಲ್ಲ. ಒತ್ತಡ ತಡೆಯಲೆಂದು ಬಂದ ಸದಸ್ಯೆ ಒಂದು ದಿನವೂ ಹಾಜರಾಗದೆ ವಿಚಾರಣೆ ಮುಗಿಯಬಹುದು.

ದೂರು ಕೊಡುವವಳ ಕಡೆಯಿಂದಲೂ ನೋಡಬೇಕು. ಘಟನೆ ನಡೆದ ಮೂರು ತಿಂಗಳೊಳಗೆ ದೂರು ಲಿಖಿತವಾಗಿ ಬರಬೇಕು. ಕಾರಣವಿದ್ದರೆ ಇನ್ನು ಮೂರು ತಿಂಗಳು. ಸಾಕ್ಷಿಗಳ ಹೆಸರು, ದಾಖಲೆಗಳೊಡನೆ ಆರು ಪ್ರತಿ ಸಲ್ಲಿಸಬೇಕು. ಬರೆಯಲಾರದವಳಿಗೆ ಸಮಿತಿ ನೆರವಾಗಬೇಕೆಂದು ಕಾಯ್ದೆ ಹೇಳುತ್ತದೆ. ಪೀಣ್ಯ ಅಥವಾ ಬೊಮ್ಮಸಂದ್ರದ ಗಾರ್ಮೆಂಟ್ಸ್ ಕಾರ್ಖಾನೆಯನ್ನು ನೆನೆಯಿರಿ. ಸಾಲಾಗಿ ಕೂತು ಹೊಲಿಯುವವರು ಬಹುಪಾಲು ಹೆಂಗಸರು. ಗಂಟೆಗಿಷ್ಟು ಪೀಸ್ ಎಂದು ಟಾರ್ಗೆಟ್ ಹಾಕಿ, ಹಿಂದೆ ನಿಂತು ಕೂಗುವವರು ಸಾಮಾನ್ಯವಾಗಿ ಗಂಡಸರು. ಬೈಗುಳದಲ್ಲಿ ಕೆಲಸದ ಅವಸರ ಎಷ್ಟು, ಹೆಣ್ಣೆಂಬ ಸಲಿಗೆ ಎಷ್ಟು ಎಂದು ಬೇರ್ಪಡಿಸಲಾಗದು. ಸಮಿತಿಯ ಅಧ್ಯಕ್ಷೆ ಹಿರಿಯ ದರ್ಜೆಯ ಮಹಿಳೆಯಾಗಿರಬೇಕು. ಅಂಥ ದರ್ಜೆಯಲ್ಲಿ ಹೆಣ್ಣೇ ವಿರಳವಾದ ಕಡೆ ಆ ಸ್ಥಾನ ಹೋಗುವುದು ಎಚ್‌ಆರ್ ವಿಭಾಗಕ್ಕೆ, ಅಂದರೆ ಹಾಜರಿ, ರಜೆ, ಮೆಮೊಗಳ ವಿಭಾಗಕ್ಕೆ. ಟೈಲರ್ ಹೆಣ್ಣುಮಗಳು ಆರು ಪ್ರತಿ ಜೆರಾಕ್ಸ್ ಹಿಡಿದು ಹೋಗಬೇಕಾದದ್ದು ಆ ಬಾಗಿಲಿಗೆ.

ಕಂಪನಿಗಳ ವಾರ್ಷಿಕ ವರದಿಯಲ್ಲಿ ದೂರುಗಳ ಲೆಕ್ಕ ಕೊಡುವ ಪದ್ಧತಿ ಈಗಿದೆ. ಸಮಿತಿ ರಚಿಸಿದ್ದೇವೆಂದು ನಿರ್ದೇಶಕ ಮಂಡಳಿಯ ವರದಿಯಲ್ಲಿ ಹೇಳುವುದು 2018ರಿಂದ ಕಡ್ಡಾಯ. ಆ ಜಾಗದಲ್ಲಿ ಸೊನ್ನೆ ಕಂಡರೆ ಷೇರುದಾರರು ನೆಮ್ಮದಿಯಿಂದ ಪುಟ ತಿರುವುತ್ತಾರೆ. ಸಾವಿರಾರು ಹೆಣ್ಣುಮಕ್ಕಳು ದುಡಿಯುವ ಕಡೆ ವರ್ಷವರ್ಷವೂ ಸೊನ್ನೆ ಬಂದರೆ, ಸಮಿತಿಯ ಬಾಗಿಲ ತನಕ ಯಾರೂ ಬಂದಿಲ್ಲವೆಂದು ಓದುವುದು ಹೆಚ್ಚು ಸರಿ.

ಚುನಾಯಿತರು, ನೇಮಕಗೊಂಡವರು

ಸಮಿತಿಯನ್ನು ಬೇರೆ ರೀತಿ ಕಟ್ಟಲು ಸಾಧ್ಯ ಎಂಬುದಕ್ಕೆ ನಿದರ್ಶನ ನಮ್ಮಲ್ಲೇ ಇತ್ತು. ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದಲ್ಲಿ 1999ರಲ್ಲಿ ಶುರುವಾದ ಜಿಎಸ್‌ಕ್ಯಾಶ್ ಎಂಬ ದೂರು ಸಮಿತಿಗೆ ವಿದ್ಯಾರ್ಥಿಗಳು, ಅಧ್ಯಾಪಕರು, ನೌಕರರು ತಮ್ಮ ಪ್ರತಿನಿಧಿಗಳನ್ನು ಚುನಾಯಿಸಿ ಕಳಿಸುತ್ತಿದ್ದರು. ದೂರು ಕೇಳುವುದರ ಜೊತೆಗೆ ಅರಿವು ಮೂಡಿಸುವ ಕೆಲಸವೂ ಅದರದೇ. 2017ರ ಸೆಪ್ಟೆಂಬರಿನಲ್ಲಿ ಆಡಳಿತ ಅದನ್ನು ರದ್ದುಮಾಡಿ, ಕಾಯ್ದೆಯ ಹೆಸರಿನಲ್ಲಿ ನೇಮಕದ ಸಮಿತಿಯನ್ನು ತಂದಿತು. ಹದಿನೆಂಟು ವರ್ಷದ ಸಂಸ್ಥೆಯೊಂದು ಕಾನೂನು ಪಾಲನೆಯ ಹೆಸರಲ್ಲೇ ಕೊನೆಗೊಂಡಿತು.

ಮರುತಿಂಗಳೇ, ಕಿರುಕುಳದ ಆರೋಪ ಹೊತ್ತ ಅಧ್ಯಾಪಕರ ಪಟ್ಟಿಯೊಂದು ಜಾಲತಾಣದಲ್ಲಿ ಹರಿದಾಡಿತು. ಹಿರಿಯ ಸ್ತ್ರೀವಾದಿಗಳು ಹೆಸರು ಬರೆದು ಹಾಕುವ ಬದಲು ಸಮಿತಿಗಳ ದಾರಿ ಹಿಡಿಯಿರೆಂದರು. ಎಳೆಯರು ಯಾವ ಸಮಿತಿಯೆಂದು ಕೇಳಿದರು. ಜಗಳ ಕಹಿಯಾಗಿತ್ತು. ಸಮಿತಿಯನ್ನು ಹೋರಾಡಿ ಪಡೆದವರು ಒಂದು ಕಡೆ, ಆ ಸಮಿತಿಯ ಮುಂದೆ ಕೂತು ಸೋತವರು ಇನ್ನೊಂದು ಕಡೆ. 2018ರ ಮೀ ಟೂ ಅಲೆಯಲ್ಲೂ ಇದೇ ಪ್ರಶ್ನೆ ಇತ್ತು. ಆ ಅಲೆಯಲ್ಲಿ ಕಿರುಕುಳದ ಆರೋಪ ಮಾಡಿದ್ದ ಪತ್ರಕರ್ತೆ ಪ್ರಿಯಾ ರಮಣಿ ಅವರನ್ನು ಮಾನನಷ್ಟ ಮೊಕದ್ದಮೆಯಿಂದ ಬಿಡುಗಡೆ ಮಾಡಿದ ದೆಹಲಿ ನ್ಯಾಯಾಲಯ 2021ರಲ್ಲಿ, ಹೆಣ್ಣು ತನ್ನ ದೂರನ್ನು ದಶಕಗಳ ನಂತರವೂ ತಾನು ಆರಿಸಿದ ವೇದಿಕೆಯಲ್ಲಿ ಹೇಳಬಹುದೆಂದಿತು.

ಮೇಲಿನ ಮೆಟ್ಟಿಲುಗಳಲ್ಲಿ ಏನಾಯಿತು? 2019ರಲ್ಲಿ ಸುಪ್ರೀಂ ಕೋರ್ಟಿನ ಮಾಜಿ ಉದ್ಯೋಗಿಯೊಬ್ಬರು ಅಂದಿನ ಮುಖ್ಯ ನ್ಯಾಯಮೂರ್ತಿಯ ಮೇಲೆ ದೂರಿತ್ತರು. ವಿಚಾರಣೆ ನಡೆಸಿದ್ದು ಮೂವರು ನ್ಯಾಯಮೂರ್ತಿಗಳ ಆಂತರಿಕ ಸಮಿತಿ, ಹೊರಗಿನವರು ಇರಲಿಲ್ಲ. ವಕೀಲರ ನೆರವಿಗೆ ಅವಕಾಶವಿಲ್ಲವೆಂದು ದೂರುದಾರೆ ಹಿಂದೆ ಸರಿದರು. ಆರೋಪದಲ್ಲಿ ಹುರುಳಿಲ್ಲವೆಂದು ಸಮಿತಿ ಹೇಳಿತು, ವರದಿ ಪ್ರಕಟವಾಗಲಿಲ್ಲ. 2023ರಲ್ಲಿ ಮಹಿಳಾ ಕುಸ್ತಿಪಟುಗಳು ಲೈಂಗಿಕ ಕಿರುಕುಳದ ವಿರುದ್ಧ ದೆಹಲಿಯ ಜಂತರ್ ಮಂತರ್‌ನಲ್ಲಿ ಧರಣಿ ಕೂತಾಗ, ಪರಿಶೀಲಿಸಿದ ಮೂವತ್ತು ರಾಷ್ಟ್ರೀಯ ಕ್ರೀಡಾ ಫೆಡರೇಷನ್‌ಗಳಲ್ಲಿ ಅರ್ಧದಷ್ಟರಲ್ಲಿ ನಿಯಮಬದ್ಧ ಸಮಿತಿಯೇ ಇಲ್ಲವೆಂದು ಬಯಲಾಯಿತು. ಕೇರಳದ ಚಿತ್ರರಂಗದಲ್ಲಿ ಮಹಿಳೆಯರ ಸ್ಥಿತಿ ಕುರಿತ ನ್ಯಾಯಮೂರ್ತಿ ಹೇಮಾ ಸಮಿತಿಯ ವರದಿ 2019ರ ಕೊನೆಯಲ್ಲಿ ಸಲ್ಲಿಕೆಯಾಗಿ, 2024ರ ಆಗಸ್ಟಿನ ತನಕ ಕಪಾಟಿನಲ್ಲಿತ್ತು. ಅದು ಹೊರಬಂದ ಮರುತಿಂಗಳೇ ಕನ್ನಡ ಚಿತ್ರರಂಗದ ಫೈರ್ ಸಂಘಟನೆ 153 ಜನರ ಸಹಿಯೊಡನೆ, ಅಂಥದೇ ಸಮಿತಿ ಇಲ್ಲಿಯೂ ಬೇಕೆಂದು ಮುಖ್ಯಮಂತ್ರಿಗೆ ಮನವಿ ಕೊಟ್ಟಿತು. ಇಂದು ಒಂದು ಸೆಟ್, ನಾಳೆ ಇನ್ನೊಂದು. ಮಾಲೀಕನೇ ಬದಲಾಗುತ್ತಿರುವ ಇಂಥ ಕೆಲಸಕ್ಕೆ ಕಾಯ್ದೆಯ ಅಳತೆಗೋಲು ಸುಲಭವಾಗಿ ಹೊಂದುವುದೂ ಇಲ್ಲ.

ಜಿಲ್ಲೆಯ ಸಮಿತಿ, ಮುಂದಿನ ಕೆಲಸ

ಹತ್ತಕ್ಕಿಂತ ಕಡಿಮೆ ಜನರಿರುವ ಅಂಗಡಿ, ಮನೆಗೆಲಸ, ಅಥವಾ ಮಾಲೀಕನೇ ಆರೋಪಿಯಾದ ಪ್ರಕರಣ: ಇವಕ್ಕೆಲ್ಲ ಕಾಯ್ದೆ ಕೊಟ್ಟಿರುವ ಬಾಗಿಲು ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿ. ಅದರ ಅಧ್ಯಕ್ಷೆ ಸಮಾಜಸೇವೆಯಲ್ಲಿ ಹೆಸರಾದ ಮಹಿಳೆ. ತಾಲ್ಲೂಕಿನಲ್ಲಿ ದುಡಿಯುವ ಮಹಿಳೆಯೊಬ್ಬಳು ಸದಸ್ಯೆ. ಪ್ರತಿ ತಾಲ್ಲೂಕಿನಲ್ಲೂ ದೂರು ಪಡೆಯುವ ನೋಡಲ್ ಅಧಿಕಾರಿ ಇರಬೇಕು, ಏಳು ದಿನಗಳೊಳಗೆ ಅದನ್ನು ಸಮಿತಿಗೆ ತಲುಪಿಸಬೇಕು. ಮಾಲೀಕರ ನೆರಳಿಲ್ಲದ ಈ ಸಮಿತಿಯೇ 1997ರ ಆಶಯಕ್ಕೆ ಹೆಚ್ಚು ಹತ್ತಿರ. ಕಾಗದದ ಮೇಲೆ ಉಳಿದದ್ದೂ ಅದೇ ಹೆಚ್ಚು. 2024ರ ಡಿಸೆಂಬರ್ 3ರಂದು, ಕರ್ನಾಟಕದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಮತ್ತು ಎನ್. ಕೋಟೀಶ್ವರ ಸಿಂಗ್ ಅವರ ಪೀಠ, ಆ ತಿಂಗಳ ಕೊನೆಯೊಳಗೆ ಪ್ರತಿ ಜಿಲ್ಲೆಗೂ ಈ ಕಾಯ್ದೆಯ ಹೊಣೆ ಹೊರುವ ಅಧಿಕಾರಿಯನ್ನು ಗೊತ್ತುಪಡಿಸಿ, 2025ರ ಜನವರಿ ಮುಗಿಯುವ ಹೊತ್ತಿಗೆ ಸ್ಥಳೀಯ ಸಮಿತಿಗಳನ್ನು ರಚಿಸಿ ಎಂದು ರಾಜ್ಯಗಳಿಗೆ ಆದೇಶಿಸಿತು. ಕಾಯ್ದೆ ಬಂದು ಹನ್ನೊಂದು ವರ್ಷದ ಮೇಲೆ ನ್ಯಾಯಾಲಯ ಇಷ್ಟನ್ನು ಹೇಳಬೇಕಾಯಿತು.

ಕರ್ನಾಟಕದಲ್ಲಿ ಮಹಿಳಾ ದೌರ್ಜನ್ಯ ವಿರೋಧಿ ಒಕ್ಕೂಟ ಪ್ರತಿ ಮಾರ್ಚ್ 8ರ ಆಸುಪಾಸಿನಲ್ಲಿ ಒಂದೊಂದು ಜಿಲ್ಲೆಯಲ್ಲಿ ಸೇರುತ್ತದೆ. ಆ ಮೆರವಣಿಗೆಗಳಲ್ಲಿ ಅಂಗನವಾಡಿ, ಆಶಾ ಕಾರ್ಯಕರ್ತೆಯರು, ಗಾರ್ಮೆಂಟ್ಸ್ ಹೆಣ್ಣುಮಕ್ಕಳು, ದೇವದಾಸಿ ವಿಮೋಚನೆಯ ಹೋರಾಟಗಾರ್ತಿಯರು ಒಟ್ಟಿಗೆ ನಡೆಯುತ್ತಾರೆ. ಅವರಲ್ಲಿ ಬಹುಪಾಲು ಜನರಿಗೆ ಬೇಕಾದದ್ದು ಎಸಿ ಕೋಣೆಯ ಆಂತರಿಕ ಸಮಿತಿಯಲ್ಲ, ತಾಲ್ಲೂಕು ಕಚೇರಿಯಲ್ಲಿ ಹೆಸರು, ಫೋನ್ ನಂಬರು ಸಮೇತ ಸಿಗುವ ನೋಡಲ್ ಅಧಿಕಾರಿ.

ಮಾಡಬೇಕಾದ ಕೆಲಸಕ್ಕೆ ಹೊಸ ಆದರ್ಶಗಳೇನೂ ಬೇಕಿಲ್ಲ, ನಿಯಮದ ಕೆಲವು ಸಾಲು ಬದಲಾಗಬೇಕು. ಹೊರಗಿನ ಸದಸ್ಯೆಯರ ಪಟ್ಟಿಯನ್ನು ಜಿಲ್ಲೆಯ ಸ್ಥಳೀಯ ಸಮಿತಿ ಸಿದ್ಧಪಡಿಸಲಿ, ಸಂಸ್ಥೆಗಳಿಗೆ ಹಂಚುವುದೂ ಅದೇ ಆಗಲಿ. ಅವರಿಲ್ಲದ ವಿಚಾರಣೆ ಅಸಿಂಧುವಾಗಲಿ. ಭತ್ಯೆ ಮಾಲೀಕರ ಜೇಬಿನಿಂದ ಬರುವ ಬದಲು ಸಾರ್ವಜನಿಕ ನಿಧಿಯಿಂದ ಬರಲಿ. ನೌಕರರ ಪ್ರತಿನಿಧಿಗಳನ್ನು ನೌಕರರೇ ಆರಿಸಲಿ. ವಿದ್ಯಾರ್ಥಿ ಪ್ರತಿನಿಧಿಗಳು ಚುನಾಯಿತರಾಗಿರಬೇಕೆಂದು ಯುಜಿಸಿಯ 2015ರ ನಿಯಮಾವಳಿ ಈಗಾಗಲೇ ಒಪ್ಪಿದೆ. ಮೇಲಿನವರ ಒತ್ತಡ ತಡೆಯಲೆಂದು ವಿಶಾಖಾ ತೀರ್ಪು ಹೊರಗಿನವರನ್ನು ಒಳಗೆ ಕೂರಿಸಿತು. ಆ ಹೊರಗಿನವರನ್ನು ಮೇಲಿನವರೇ ಆರಿಸುವ ವ್ಯವಸ್ಥೆ ಇರುವ ತನಕ, ಭಟೇರಿಯಿಂದ ಹೊರಟ ಪ್ರಶ್ನೆಗೆ ಅರ್ಧ ಉತ್ತರವನ್ನಷ್ಟೇ ಕೊಟ್ಟಂತಾಯಿತು.